ಎರಡರ ಬಡ್ಡಿ ಯಾರಿಗೆ? ಸಂಘದ ಭೇಟಿಯಲ್ಲಿ ಬಿಡಿಸಿಕೊಂಡ ಲೆಕ್ಕ

ಗ್ರಾಮೀಣಾಭಿವೃದ್ಧಿ ವಿಷಯದ ಕ್ಷೇತ್ರಕಾರ್ಯಕ್ಕೆಂದು ಈ ಸೆಮಿಸ್ಟರಿನಲ್ಲಿ ಕೋಲಾರ ಜಿಲ್ಲೆಯ ಎರಡು ಸ್ವಯಂಸೇವಾ ಸಂಸ್ಥೆಗಳಿಗೆ ಹೋಗಿ ಬಂದೆವು. ಒಂದು ಜಲಾನಯನದ, ಅಂದರೆ ಮಳೆನೀರು ಹರಿದು ಒಂದೆಡೆ ಸೇರುವ ಪ್ರದೇಶದಲ್ಲಿ ಮಣ್ಣು-ನೀರು ಉಳಿಸುವ, ಕೆಲಸ ಮಾಡುವ ಸಂಸ್ಥೆ, ಇನ್ನೊಂದು ಮಹಿಳಾ ಸ್ವಸಹಾಯ ಸಂಘಗಳನ್ನು ಕಟ್ಟುವ ಸಂಸ್ಥೆ. ಮೊದಲನೆಯದು ನೋಡಿದ ದಿನವೇ ತಲೆಗೆ ಹತ್ತಿತು. ಎರಡನೆಯದರಲ್ಲಿ ಒಂದು ಬಡ್ಡಿಯ ಲೆಕ್ಕ ಮೂರು ದಿನ ಕಾಡಿ ನಿನ್ನೆ ರಾತ್ರಿ ಬಿಡಿಸಿಕೊಂಡಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಮುಂದಿನ ತಂಡದವರು ಹೋಗುವ ಮೊದಲು ಓದಿಕೊಂಡರೆ ಅವರ ಆ ಮೂರು ದಿನ ಉಳಿಯುತ್ತದೆ.

ಜಲಾನಯನ

ನೆನಪಿಡಬೇಕಾದದ್ದು ಕೆಲಸದ ಕ್ರಮ: ನೆತ್ತಿಯಿಂದ ಕೆಳಕ್ಕೆ. ಗುಡ್ಡದ ಮೇಲೆ ಸಮಪಾತಳಿ ಕಂದಕ (ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ತೋಡುವ ಕಂದಕ), ಹೊಲದಲ್ಲಿ ಬದು, ಹೊಲದ ಮೂಲೆಯಲ್ಲಿ ಕೃಷಿಹೊಂಡ, ಕೊನೆಗೆ ಹಳ್ಳಕ್ಕೆ ಚೆಕ್‌ಡ್ಯಾಂ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಮಣ್ಣೆಲ್ಲ ಕೊಚ್ಚಿ ಬಂದು ಚೆಕ್‌ಡ್ಯಾಂ ಹೂಳು ತುಂಬಿಕೊಳ್ಳುತ್ತದೆ. ವರ್ಷವಿಡೀ ಹರಿಯುವ ನದಿ ಇಲ್ಲದ ಕೋಲಾರದಲ್ಲಿ ಕೆರೆಗಳು ಸರಪಳಿಯಂತಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಹಾಗಾಗಿ ನಡುವಿನ ಕಾಲುವೆ ಮುಚ್ಚಿಹೋದರೆ ಕೆಳಗಿನ ಕೆರೆಯ ಹೂಳೆತ್ತಿ ಪ್ರಯೋಜನವಿಲ್ಲ. ಇಷ್ಟು ಸಾಕು.

ಸಂಘ, ಮತ್ತು ನಾನು ಸಿಕ್ಕಿಕೊಂಡ ಜಾಗ

ನಾವು ಕುಳಿತು ನೋಡಿದ ಸಂಘದಲ್ಲಿ 15 ಜನ ಸದಸ್ಯೆಯರು. ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ಪಂಚಸೂತ್ರ ನಿಮಗೆ ತರಗತಿಯಲ್ಲೇ ಬಾಯಿಪಾಠವಾಗಿರುತ್ತದೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ (ಸಂಘದ ಹಣದಿಂದಲೇ ಸದಸ್ಯೆಯರಿಗೆ ಕೊಡುವ ಒಳಸಾಲ), ಸಕಾಲ ಮರುಪಾವತಿ, ಸರಿಯಾದ ಲೆಕ್ಕಪುಸ್ತಕ. ಐದನ್ನೂ ಕಣ್ಣಾರೆ ಕಂಡೆವು. ಆಮೇಲೆ ಸಂಘದ ಪ್ರತಿನಿಧಿ ಹೇಳಿದರು: "ಒಳಸಾಲಕ್ಕೆ ನಮ್ಮಲ್ಲಿ ಎರಡರ ಬಡ್ಡಿ."

ಎರಡರ ಬಡ್ಡಿ ಎಂದರೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ವರ್ಷಕ್ಕೆ ಶೇಕಡಾ 24! ಬ್ಯಾಂಕಿನ ಬೆಳೆಸಾಲ ಶೇಕಡಾ 7ಕ್ಕೆ ಸಿಗುವಾಗ ಬಡ ಹೆಂಗಸರಿಂದ 24 ವಸೂಲು ಮಾಡುವುದನ್ನು ಅಭಿವೃದ್ಧಿ ಎನ್ನುವುದು ಹೇಗೆ? ಟಿಪ್ಪಣಿ ಪುಸ್ತಕದಲ್ಲಿ 'ಶೋಷಣೆ?' ಎಂದು ಬರೆದುಕೊಂಡೇ ಬಸ್ ಹತ್ತಿದೆ. ನನ್ನ ತಪ್ಪು ಎರಡು ಗಂಟುಗಳಲ್ಲಿತ್ತು: ಎರಡು ರೂಪಾಯಿ ಯಾವ ಮೊತ್ತದ ಮೇಲೆ ಎಂದು ಕೇಳಿರಲಿಲ್ಲ, ಆ ಎರಡು ರೂಪಾಯಿ ಯಾರಿಗೆ ಸೇರುತ್ತದೆ ಎಂದೂ ಕೇಳಿರಲಿಲ್ಲ.

ಮೊದಲ ಗಂಟು. ಒಬ್ಬರು 10,000 ರೂಪಾಯಿ ಸಾಲ ಪಡೆದು ತಿಂಗಳಿಗೆ 1,000 ಅಸಲಿನಂತೆ ಹತ್ತು ಕಂತಿನಲ್ಲಿ ತೀರಿಸುತ್ತಾರೆ ಎನ್ನಿ. ಸಂಘದಲ್ಲಿ ಬಡ್ಡಿ ಬೀಳುವುದು ಉಳಿದಿರುವ ಬಾಕಿಯ ಮೇಲೆ. ಮೊದಲ ತಿಂಗಳು 10,000ಕ್ಕೆ 200, ಎರಡನೆಯ ತಿಂಗಳು 9,000ಕ್ಕೆ 180, ಹೀಗೆ ಇಳಿದು ಕೊನೆಯ ತಿಂಗಳು 1,000ಕ್ಕೆ 20. ಒಟ್ಟು 1,100 ರೂಪಾಯಿ. ಇದೇ ಸಾಲಕ್ಕೆ ಹೊರಗಿನವರೊಬ್ಬರು 'ನಮ್ಮದೂ ಎರಡರ ಬಡ್ಡಿಯೇ' ಎಂದು ಹೇಳಿ, ಕೊನೆಯ ತನಕ ಮೂಲ 10,000ದ ಮೇಲೆಯೇ ತಿಂಗಳಿಗೆ 200 ಹಿಡಿದರೆ ಒಟ್ಟು 2,000. ಹೆಸರು ಒಂದೇ, ಹೊರೆ ಹೆಚ್ಚುಕಡಿಮೆ ಎರಡು ಪಟ್ಟು.

ಇಲ್ಲಿ ನಾನು ಕಂಡುಕೊಂಡ ಒಂದು ಉಪಾಯವಿದೆ. ನನಗೆ ಇದು ತುಂಬಾ ಇಷ್ಟವಾಗಿದೆ. ಪ್ರತಿ ತಿಂಗಳ ಆರಂಭದಲ್ಲಿದ್ದ ಬಾಕಿಯನ್ನೆಲ್ಲ ಕೂಡಿಸಿ: 10,000 + 9,000 + 8,000... + 1,000 = 55,000. ಇದಕ್ಕೆ 'ರೂಪಾಯಿ-ತಿಂಗಳು' ಎಂದು ಹೆಸರಿಟ್ಟುಕೊಂಡಿದ್ದೇನೆ. ಒಂದು ರೂಪಾಯಿ ಒಂದು ತಿಂಗಳು ನಮ್ಮ ಕೈಯಲ್ಲಿದ್ದರೆ ಒಂದು ರೂಪಾಯಿ-ತಿಂಗಳು. ಕೊಟ್ಟ ಒಟ್ಟು ಬಡ್ಡಿಯನ್ನು ಇದರಿಂದ ಭಾಗಿಸಿ ನೂರರಿಂದ ಗುಣಿಸಿ. ಸಂಘದ 1,100ನ್ನು 55,000ದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸರಿಯಾಗಿ 2 ಬರುತ್ತದೆ. ಹೊರಗಿನವರ 2,000ಕ್ಕೂ ಹಾಗೆಯೇ ಮಾಡಿದರೆ ಸುಮಾರು 3.6. ಅವರು ಎರಡರ ಬಡ್ಡಿ ಎಂದು ಕರೆದದ್ದು ಹೆಚ್ಚುಕಡಿಮೆ ಮೂರೂವರೆಯ ಬಡ್ಡಿ. ಕಂತು ಎಷ್ಟೇ ಇರಲಿ, ಪಾಸ್‌ಪುಸ್ತಕ ಕೈಯಲ್ಲಿದ್ದರೆ ಐದು ನಿಮಿಷದಲ್ಲಿ ನಿಜವಾದ ದರ ಸುಮಾರಾಗಿ ತಿಳಿಯುತ್ತದೆ.

ಊರಿನ ಐದರ ಬಡ್ಡಿಯ ಕೈಸಾಲಕ್ಕೂ ಇದನ್ನೇ ಹಚ್ಚಿ ನೋಡಿದೆ. ಅಲ್ಲಿ ತಿಂಗಳಿಗೆ 500 ಬಡ್ಡಿ ಕಟ್ಟುವುದರಲ್ಲೇ ಕೈ ಬರಿದಾಗಿ ಅಸಲು ಕರಗುವುದೇ ಇಲ್ಲ. ಹತ್ತು ತಿಂಗಳಿಗೆ 5,000 ಕಟ್ಟಿದ ಮೇಲೂ 10,000 ಹಾಗೆಯೇ ನಿಂತಿರುತ್ತದೆ.

ಎರಡನೆಯ ಗಂಟು ನನ್ನನ್ನು ಹೆಚ್ಚು ಕಾಡಿತು. ಮರುದಿನ ಮತ್ತೆ ಹೋಗಿ, ಸಂಘದ ಹಿರಿಯ ಸದಸ್ಯೆಯನ್ನು "ಅಮ್ಮಾ, ಇಷ್ಟು ಬಡ್ಡಿ ಭಾರವಾಗುವುದಿಲ್ಲವೇ?" ಎಂದು ಕೇಳಿದೆ. "ಭಾರ ಯಾರಿಗಮ್ಮ? ಈ ಸೆರಗಿನಿಂದ ಬಿಚ್ಚಿ ಆ ಸೆರಗಿಗೆ ಕಟ್ಟಿಕೊಳ್ಳುತ್ತೇವೆ," ಎಂದರು. ಆ ಕ್ಷಣಕ್ಕೆ ಮಾತು ಚೆನ್ನಾಗಿದೆ ಎನಿಸಿತು, ಅರ್ಥ ಪೂರ್ತಿ ಇಳಿಯಲಿಲ್ಲ. ಕಾಗದದ ಮೇಲೆ ಹಾಕಿದಾಗ ಇಳಿಯಿತು. ವರ್ಷದಲ್ಲಿ ಸಂಘಕ್ಕೆ ಒಟ್ಟು 9,000 ಬಡ್ಡಿ ಬಂದಿದೆ ಎಂದುಕೊಳ್ಳಿ. 15 ಜನರಿಗೆ ಹಂಚಿದರೆ ತಲಾ 600. ಸಾಲ ಪಡೆದವರು ಕಟ್ಟಿದ್ದು 1,100. ಅದರಲ್ಲಿ 600 ಅವರದೇ ಪಾಲು. ಹೊರಬಿದ್ದದ್ದು 500 ಮಾತ್ರ. 55,000 ರೂಪಾಯಿ-ತಿಂಗಳಿಗೆ 500 ಎಂದರೆ ಒಂದರ ಬಡ್ಡಿಯೂ ಆಗಲಿಲ್ಲ.

ಆದರೆ ಇಲ್ಲಿಗೇ ಖುಷಿಪಟ್ಟು ನಿಲ್ಲಬೇಡಿ. ಸಾಲವನ್ನೇ ಪಡೆಯದ ಸದಸ್ಯೆಗೂ 600 ಪಾಲಿದೆ. ಅಂದರೆ ಅಗತ್ಯ ಹೆಚ್ಚಿರುವವರಿಂದ ಕಡಿಮೆ ಇರುವವರ ಕಡೆಗೆ ಸ್ವಲ್ಪ ಹಣ ಸರಿಯುತ್ತದೆ. ಜೊತೆಗೆ ಈ ಪಾಲನ್ನು ಎಲ್ಲ ಸಂಘಗಳೂ ಪ್ರತಿ ವರ್ಷ ಕೈಗೆ ಕೊಡುವುದಿಲ್ಲ. ಸಂಘದ ನಿಧಿಗೆ ಸೇರಿಸಿ ಮತ್ತೆ ಸಾಲ ಕೊಡುತ್ತವೆ. ಇದು ಸರಿಯೋ ತಪ್ಪೋ ಎಂಬುದನ್ನು ಸದಸ್ಯೆಯರೇ ತೀರ್ಮಾನಿಸಬೇಕು. ಆ ತೀರ್ಮಾನ ನಡಾವಳಿ ಪುಸ್ತಕದಲ್ಲಿ ಇದೆಯೇ ಎಂದು ನೋಡುವುದು ನಮ್ಮ ಕೆಲಸ.

ಸ್ವಸಹಾಯ ಸಂಘಗಳ ಬೇರು ಕೋಲಾರದಲ್ಲೂ

ಕರ್ನಾಟಕದ ಸ್ವಯಂಸೇವಾ ಸಂಸ್ಥೆ ಮೈರಾಡ ಶುರುವಾದದ್ದು 1968ರಲ್ಲಿ, ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ. ನಂತರ ಅದು ಹಳ್ಳಿಗಳ ಕಡೆ ಹೊರಳಿತು. ಎಂಬತ್ತರ ದಶಕದ ನಡುವೆ ಅದರ ಬೆಂಬಲದ ಕೆಲವು ದೊಡ್ಡ ಸಹಕಾರ ಸಂಘಗಳು ನಾಯಕರ ಮೇಲೆ ನಂಬಿಕೆ ಹೋಗಿ ಒಡೆದವು. ಸದಸ್ಯರು ಚಿಕ್ಕ ಚಿಕ್ಕ ಗುಂಪುಗಳಾಗಿ ಮೈರಾಡದ ಬಳಿ ಬಂದು, 'ಸಾಲ ತೀರಿಸುತ್ತೇವೆ, ಆದರೆ ಆ ಸಹಕಾರ ಸಂಘಕ್ಕಲ್ಲ, ನಿಮಗೆ' ಎಂದರಂತೆ. ನಿಮ್ಮ ಗುಂಪಿಗೇ ನೀವು ತೀರಿಸಿಕೊಳ್ಳಿ ಎಂಬ ಉತ್ತರ ಸಿಕ್ಕಿತು. ಇಂಥ ಗುಂಪುಗಳೇ ಮುಂದೆ ಸ್ವಸಹಾಯ ಸಂಘಗಳಾದವು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಈ ಪ್ರಯೋಗದ ಆರಂಭದ ನೆಲೆಗಳಲ್ಲೊಂದು. 1987ರಲ್ಲಿ ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಇದಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಬಂತು. ಪರೀಕ್ಷೆಗೆ ಇಸವಿಗಳು ಬೇಕು, ನಿಜ. ನನಗೆ ಮುಖ್ಯವೆನಿಸಿದ್ದು ಆ ಸದಸ್ಯರ ಮಾತು: ಹಣ ಯಾರಿಗೆ ಹಿಂದಿರುಗಬೇಕು ಎಂಬುದೇ ಅವರ ತಕರಾರಾಗಿತ್ತು.

ಬ್ಯಾಂಕ್ ಜೋಡಣೆ, ಅಂದರೆ ಸಂಘವೇ ಬ್ಯಾಂಕಿನಿಂದ ಸಾಲ ಪಡೆಯುವುದು, ಅರ್ಥವಾಗಲು ಕಷ್ಟವೇನಿಲ್ಲ. ಕನಿಷ್ಠ ಆರು ತಿಂಗಳು ಪಂಚಸೂತ್ರ ಪಾಲಿಸಿದ ಸಂಘಕ್ಕೆ ಉಳಿತಾಯದ ಒಂದರಿಂದ ನಾಲ್ಕು ಪಟ್ಟು ಸಾಲ ಕೊಡಬಹುದು. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇಕಡಾ 12 ಎಂದುಕೊಳ್ಳಿ; ಊರ ಲೆಕ್ಕದಲ್ಲಿ ಅದು ಒಂದರ ಬಡ್ಡಿ. ಸಂಘ ಆ ಹಣವನ್ನು ಒಂದೂವರೆಯ ಬಡ್ಡಿಗೆ ಸದಸ್ಯೆಯರಿಗೆ ಕೊಟ್ಟರೆ ನಡುವಿನ ಅರ್ಧ ರೂಪಾಯಿ ಸಂಘದ ನಿಧಿಗೆ.

'ಸಂಘ' ಎಂದಾಕ್ಷಣ ನಂಬಬೇಡಿ

ಹಳ್ಳಿಯಲ್ಲಿ ಮೈಕ್ರೋಫೈನಾನ್ಸ್ (ಕಿರುಸಾಲ) ಕಂಪನಿಯ ಗುಂಪನ್ನೂ ಜನ 'ಸಂಘ' ಎಂದೇ ಕರೆಯುತ್ತಾರೆ. ಅಲ್ಲಿಯೂ ಹೆಂಗಸರು ಸಾಲಾಗಿ ಕುಳಿತಿರುತ್ತಾರೆ, ಅಲ್ಲಿಯೂ ಕಂತು ಕಟ್ಟುತ್ತಾರೆ, ಒಬ್ಬರ ಸಾಲಕ್ಕೆ ಉಳಿದವರು ಹೊಣೆ. ಮುಖ್ಯ ವ್ಯತ್ಯಾಸ: ಬಡ್ಡಿ ಊರು ಬಿಟ್ಟು ಹೋಗುತ್ತದೆ. ಕಿರುಸಾಲದ ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆದ್ದರಿಂದ ಭೇಟಿಯ ವರದಿಯಲ್ಲಿ 'ಆ ಊರಿನಲ್ಲಿ ಆರು ಸಂಘಗಳಿವೆ' ಎಂದು ಬರೆಯುವ ಮೊದಲು, ಒಂದೊಂದರಲ್ಲೂ ಬಡ್ಡಿ ಯಾವ ಪುಸ್ತಕಕ್ಕೆ ಜಮೆಯಾಗುತ್ತದೆ ಎಂದು ಕೇಳಿ.

ಪುಸ್ತಕ ನೋಡಲು ಕೇಳುವಾಗ ಸಭೆಯ ಒಪ್ಪಿಗೆ ಪಡೆಯಿರಿ. ಅದು ಅವರ ಮನೆಯ ಕಷ್ಟಸುಖದ ಲೆಕ್ಕ. ನಮಗೆ ತೋರಿಸಿದರು. ನಾನು ಹುಡುಕಿದ್ದು ಸಂಘ ಬಿಡುವ ಸದಸ್ಯೆಯ ಬಗೆಗಿನ ಠರಾವನ್ನು, ಏಕೆಂದರೆ ಬಡ್ಡಿಯ ಪಾಲು ನಿಜವಾಗಿ ಕೈಗೆ ಬರಬೇಕಾದದ್ದು ಅಲ್ಲಿ. ಎರಡು ವರ್ಷದ ಹಿಂದಿನ ಪುಟದಲ್ಲಿ ಸಿಕ್ಕಿತು: ಮದುವೆಯಾಗಿ ಬೇರೆ ಊರಿಗೆ ಹೋಗುವ ಸದಸ್ಯೆಗೆ ಉಳಿತಾಯದ ಜೊತೆಗೆ ಆ ದಿನದವರೆಗಿನ ಬಡ್ಡಿಯ ಪಾಲನ್ನೂ ಕೊಡುವುದು. ಕೆಳಗೆ ಹದಿಮೂರು ಸಹಿ, ಎರಡು ಹೆಬ್ಬೆಟ್ಟು. 'ಶೋಷಣೆ?' ಎಂದು ಬರೆದಿದ್ದ ಸಾಲನ್ನು ಅಲ್ಲೇ ಕುಳಿತು ಹೊಡೆದುಹಾಕಿದೆ.