ಮಳೆಯ ಶೀತವಲ್ಲದ ತಲೆನೋವು

ಕೊಡಗಿನ ಮಳೆಗಾಲದಲ್ಲಿ ತಲೆನೋವಿಗೆ ಕಾರಣ ಹುಡುಕಬೇಕಾಗಿಲ್ಲ. ಶೀತ, ಸೈನಸ್, ತೋಟದಲ್ಲಿ ನೆನೆದದ್ದು, ಏನಾದರೊಂದು ಸಿಗುತ್ತದೆ. ಆದರೆ ಎಚ್‌ಐವಿ ಇರುವವರಲ್ಲಿ, ಅದರಲ್ಲೂ ವೈರಸ್ ಹತ್ತಿಕ್ಕುವ ಎಆರ್‌ಟಿ ಮಾತ್ರೆ ನಡುವೆ ಬಿಟ್ಟವರಲ್ಲಿ, ವಾರವಾದರೂ ಬಿಡದ ತಲೆನೋವನ್ನು ನಾನು ಶೀತದ ಲೆಕ್ಕಕ್ಕೆ ಹಾಕುವುದಿಲ್ಲ.

ಮೊದಲು ಕೇಳುವುದು ಸಿಡಿ4 ಎಷ್ಟು ಅಂತ, ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸೋಂಕಿನ ಜೊತೆ ಹೋರಾಡುವ ಸಿಡಿ4 ಕಣಗಳ ಲೆಕ್ಕ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 500ಕ್ಕಿಂತ ಜಾಸ್ತಿ. 100ರ ಕೆಳಗೆ ಇಳಿದರೆ ಮಿದುಳಿನ ಸೋಂಕಿನ ಭಯ ಹೆಚ್ಚು. ಟಿಬಿ ಮಾತ್ರ ಈ ಲೆಕ್ಕ ನೋಡುವುದಿಲ್ಲ, ಸಿಡಿ4 ಚೆನ್ನಾಗಿದ್ದರೂ ಮಿದುಳಿನ ಪೊರೆಗೆ ಬರಬಹುದು.

ಮಿದುಳಿನ ಸೋಂಕುಗಳಲ್ಲಿ ಕ್ರಿಪ್ಟೋಕಾಕಸ್ ಅನ್ನುವ ಶಿಲೀಂಧ್ರ ಬಲು ಮೋಸಗಾರ. ಹಕ್ಕಿ ಹಿಕ್ಕೆ ಬಿದ್ದ ಮಣ್ಣಲ್ಲಿರುತ್ತದೆ, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಜ್ವರ ಅಷ್ಟಾಗಿ ಕಾಣದೆ ಇರಬಹುದು, ಕತ್ತು ಬಿಗಿಯದೆಯೂ ಇರಬಹುದು. ತಲೆನೋವು ಎರಡು ಮೂರು ವಾರ ಮೆಲ್ಲಗೆ ಏರುತ್ತದೆ. ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ಆಮೇಲೆ ಮಂಕು. “ಯಾಕೋ ಮಾತೇ ಕಮ್ಮಿ ಮಾಡಿದಾರೆ ಡಾಕ್ಟ್ರೇ” ಅಂತ ಮನೆಯವರು ಹೇಳಿದರೆ ಅದನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ.

ಇದನ್ನು ಪತ್ತೆಮಾಡಲು ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಬೆನ್ನಿನಿಂದ ತೆಗೆಯಬೇಕು ಅಂದ ಕೂಡಲೇ ಎಲ್ಲರೂ ಹಿಂದೇಟು ಹಾಕುತ್ತಾರೆ. ಕಾಲು ಬಿದ್ದುಹೋಗುತ್ತೆ ಅನ್ನೋ ಭಯ. ಸೂಜಿ ಹಾಕುವುದು ಸೊಂಟದ ಹತ್ತಿರ, ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಸೂಜಿಗೆ ಸಪೂರ ಕೊಳವೆ ಜೋಡಿಸಿದರೆ ನೀರು ಅದರಲ್ಲಿ ಏರುತ್ತದೆ, ಏರಿದ ಎತ್ತರವೇ ಒಳಗಿನ ಒತ್ತಡದ ಅಳತೆ. ಸುಮಾರು 20 ಸೆಂಟಿಮೀಟರ್ ಒಳಗೆ ನಿಲ್ಲಬೇಕಾದದ್ದು ಈ ಕಾಯಿಲೆಯಲ್ಲಿ 40 ದಾಟುವುದೂ ಉಂಟು. ನೋಡಲು ತಿಳಿನೀರೇ. ಅದಕ್ಕೆ ಇಂಡಿಯಾ ಇಂಕ್ ಅನ್ನುವ ಕಪ್ಪು ಶಾಯಿ ಬೆರೆಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳನೆಯ ಬಳೆ ತೊಟ್ಟ ದುಂಡು ಕಣಗಳು ಕಾಣುತ್ತವೆ. ಈಗ ಶಿಲೀಂಧ್ರದ ಅಂಶ ಹಿಡಿಯುವ ಆಂಟಿಜೆನ್ ಪರೀಕ್ಷಾ ಪಟ್ಟಿಯೂ ಇದೆ, ಹತ್ತು ನಿಮಿಷದಲ್ಲಿ ಉತ್ತರ. ಈ ಸೂಜಿ ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ಸ್ವಲ್ಪ ನೀರು ಇಳಿಸಿದರೆ ಒತ್ತಡ ತಗ್ಗಿ ತಲೆನೋವು ಎಷ್ಟೋ ಹಗುರವಾಗುತ್ತದೆ. ಒಮ್ಮೊಮ್ಮೆ ದಿನಾ ತೆಗೆಯಬೇಕಾಗುತ್ತದೆ. ಬರೀ ಔಷಧಿ ಕೊಟ್ಟು ಒತ್ತಡ ಮರೆತರೆ ಕಣ್ಣೇ ಹೋಗಬಹುದು, ಜೀವವೂ.

ಫಿಟ್ಸ್ ಬಂದರೆ, ಒಂದು ಕಡೆ ಕೈಕಾಲು ಸೋತರೆ ಸೂಜಿಗಿಂತ ಮೊದಲು ಮಿದುಳಿನ ಸ್ಕ್ಯಾನ್. ಅಲ್ಲಿ ಉಂಗುರದಂಥ ಗಂಟು ಕಂಡರೆ ಟಾಕ್ಸೋಪ್ಲಾಸ್ಮಾ ಅನ್ನುವ ಪರಾವಲಂಬಿ ಇರಬಹುದು, ಟಿಬಿ ಇರಬಹುದು, ಲಾಡಿಹುಳುವಿನದ್ದೂ ಇರಬಹುದು. ಲಾಡಿಹುಳು ಅಂದ ತಕ್ಷಣ ನಮ್ಮ ಹಂದಿಮಾಂಸದ ಪಂದಿ ಕರಿಯನ್ನು ಬೈಯಬೇಡಿ! ಮಿದುಳಿಗೆ ಗಂಟು ತರುವುದು ಹುಳುವಿನ ಮೊಟ್ಟೆ. ಅದು ಬರುವುದು ತೊಳೆಯದ ಕೈ, ತೊಳೆಯದ ಸೊಪ್ಪಿನಿಂದ.

ಕಾಫಿ ಕೊಯ್ಲಿಗೆ ತೋಟದಿಂದ ತೋಟಕ್ಕೆ ಹೋಗುವಾಗ ಮಾತ್ರೆ ತಪ್ಪಿಸಿಕೊಂಡವರಿಗೆ ಇನ್ನೊಂದು ಮಾತು. ತಲೆನೋವು ಶುರುವಾದ ಮೇಲೆ ಹಳೇ ಡಬ್ಬಿ ತೆಗೆದು ಎಆರ್‌ಟಿ ನುಂಗಬೇಡಿ. ಕ್ರಿಪ್ಟೋಕಾಕಸ್ ಒಳಗಿದ್ದರೆ, ಚೇತರಿಸುವ ರೋಗನಿರೋಧಕ ಶಕ್ತಿಯೇ ಮಿದುಳಿನಲ್ಲಿ ಊತ ತರುತ್ತದೆ. ಶಿಲೀಂಧ್ರಕ್ಕೆ ಔಷಧಿ ಶುರುವಾಗಿ 4ರಿಂದ 6 ವಾರ ಕಳೆದ ಮೇಲೆ ಎಆರ್‌ಟಿ. ತಲೆನೋವು ಶುರುವಾದ ದಿನವೇ ಎಆರ್‌ಟಿ ಕೇಂದ್ರಕ್ಕೆ ಬನ್ನಿ, ಮಾತ್ರೆ ಬಿಟ್ಟಿದ್ದನ್ನು ಮುಚ್ಚಿಡಬೇಡಿ. ದಾರಿ ಗೊತ್ತಿಲ್ಲದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕರೆ ಉಚಿತ.