ದಿಲ್ಲಿ ವಾರ್ತೆ ಶುರುವಾದ ಕೂಡಲೇ ರೇಡಿಯೋ ಗೊರಗೊರ ಅನ್ನುತ್ತಿದ್ದುದು ಯಾಕೆ?

ಪ್ರಶ್ನೆ: "ನಾವು ಸಣ್ಣವರಿದ್ದಾಗ ಧಾರವಾಡ ಸ್ಟೇಷನ್ ಮುಂಜಾನೆಯಿಂದ ಛಲೋ ಬರತಿತ್ತು. ಏಳು ಮೂವತ್ತೈದಕ್ಕ ದಿಲ್ಲಿಯ ಕನ್ನಡ ವಾರ್ತೆ ಶುರುವಾತಂದ್ರ ಗೊರಗೊರ, ಧ್ವನಿ ಏರೋದು, ಇಳಿಯೋದು. ವಾರ್ತೆ ಮುಗಿದ ಮ್ಯಾಲೆ ಮತ್ತ ಸ್ವಚ್ಛ. ಸೆಲ್ಲು ಇಳಿದಾವು ಅಂತ ಮನ್ಯಾಗ ಹೇಳತಿದ್ದರು. ಖರೇನ್ರಿ?"

ಖರೆ ಅಲ್ಲ. ಗದಗ, ಹಾವೇರಿ, ಹುಬ್ಬಳ್ಳಿ, ಕೇಳುವವರ ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಉತ್ತರ ಕೊಟ್ಟ ಮೇಲೂ "ಇರಲಿ ಬಿಡ್ರಿ, ಆದರೂ ಸೆಲ್ಲು ಇಳಿದಿರಬೇಕು" ಅನ್ನುವವರು ಇದ್ದೇ ಇದ್ದಾರೆ. ಆದ್ದರಿಂದ ಈ ಸಲ ಸೆಲ್ಲಿನ ಮೇಲಿನ ಅಪವಾದವನ್ನು ಬುಡಸಮೇತ ಕಿತ್ತುಹಾಕಿಯೇ ಮುಂದಕ್ಕೆ ಹೋಗೋಣ.

ಸೆಲ್ಲು ಇಳಿದರೆ ಏನಾಗುತ್ತದೆ? ಮೊದಲು ಧ್ವನಿ ಸಣ್ಣದಾಗುತ್ತದೆ. ವಾಲ್ಯೂಮ್ ಏರಿಸಿದರೆ ಒಡಕು ಬರುತ್ತದೆ. ಇನ್ನೂ ಇಳಿದರೆ ಸೆಟ್ಟು ಬುಡುಬುಡು ಸದ್ದು ಮಾಡಿ ನಿಲ್ಲುತ್ತದೆ. ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರೆ ಒಂದೆರಡು ನಿಮಿಷ ಚೇತರಿಸಿಕೊಳ್ಳುತ್ತದೆ. ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದುದು ಇದೇ ಆಸೆಗೆ: ಬೆಚ್ಚಗಾದ ಸೆಲ್ಲಿನೊಳಗೆ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ, ಸ್ವಲ್ಪ ಹೊತ್ತು ಓಡುತ್ತದೆ, ಅಷ್ಟೇ. ಈ ಲಕ್ಷಣಗಳಲ್ಲಿ ಯಾವುದೂ ಗಡಿಯಾರ ನೋಡಿಕೊಂಡು ಬರುವಂಥದ್ದಲ್ಲ. ಸರಿಯಾಗಿ 7.35ಕ್ಕೆ ಇಳಿದು, ಹತ್ತು ನಿಮಿಷದ ವಾರ್ತೆ ಮುಗಿದ ಕೂಡಲೇ ತಾನಾಗಿ ತುಂಬಿಕೊಳ್ಳುವ ಸೆಲ್ಲನ್ನು ಯಾವ ಕಂಪನಿಯೂ ಮಾಡಿಲ್ಲ.

ಇನ್ನೊಂದು ಸಾಕ್ಷಿ ಇದೆ. ಕರೆಂಟಿನ ಮೇಲೆ ಓಡುವ ವಾಲ್ವ್ ರೇಡಿಯೋ ಇದ್ದ ಮನೆಗಳಲ್ಲೂ ಇದೇ ಗೊರಗೊರ ಇತ್ತು. ಅಲ್ಲಿ ಸೆಲ್ಲೇ ಇಲ್ಲವಲ್ಲ! ಅಂಥ ಕೆಲವು ಸೆಟ್ಟುಗಳ ಮುಂಭಾಗದಲ್ಲಿ ಹಸಿರು ಬೆಳಕಿನ ಕಣ್ಣೊಂದಿರುತ್ತಿತ್ತು. ಸ್ಟೇಷನ್ ಸರಿಯಾಗಿ ಕೂತರೆ ಆ ಹಸಿರು ಹತ್ತಿರ ಕೂಡಿಕೊಳ್ಳುತ್ತದೆ, ಸಿಗ್ನಲ್ ಕುಗ್ಗಿದರೆ ಅಗಲವಾಗುತ್ತದೆ. ದಿಲ್ಲಿ ವಾರ್ತೆಯ ಧ್ವನಿ ಮುಳುಗಿ ಏಳುತ್ತಿದ್ದಾಗಲೂ ಆ ಕಣ್ಣು ಅಲುಗುತ್ತಿರಲಿಲ್ಲ. ಅಂದರೆ ಧಾರವಾಡದಿಂದ ನಿಮ್ಮ ಮನೆಗೆ ಬರುವ ತರಂಗ ಗಟ್ಟಿಯಾಗಿಯೇ ಇತ್ತು. ಗದ್ದಲ ಆ ತರಂಗದ ಮೇಲೆ ಕೂತು ಬರುತ್ತಿತ್ತು, ಧಾರವಾಡಕ್ಕೆ ಮುಟ್ಟುವ ಮೊದಲೇ ಸೇರಿಕೊಂಡಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಹಾಗೆ, ಗದ್ದಲ ದಿಲ್ಲಿಯ ದಾರಿಯಲ್ಲಿ, ಹೊಡೆತ ನಮ್ಮ ಸೆಟ್ಟಿನ ತಲೆಗೆ.

"ಹಂಗಾದರ ಟೇಪು ಹಳೇದಿತ್ತೇನು?" ಅದೂ ಅಲ್ಲ. ವಾರ್ತೆ ಟೇಪಿನಲ್ಲಿ ಬರುತ್ತಿರಲಿಲ್ಲ, ದಿಲ್ಲಿಯ ಸ್ಟುಡಿಯೋದಲ್ಲಿ ಆ ಕ್ಷಣಕ್ಕೆ ಓದುತ್ತಿದ್ದರು. ಟೇಪಿನ ತೊಂದರೆಗಳ ಜಾತಿಯೇ ಬೇರೆ. ಹಳೆಯದಾದರೆ ಸಣ್ಣ ಹಿಸ್ ಶಬ್ದ ಒಂದೇ ಸಮ ಇರುತ್ತದೆ, ಹೆಡ್ಡಿಗೆ ಧೂಳು ಮೆತ್ತಿದರೆ ಮಾತು ಮಂಕಾಗುತ್ತದೆ, ಎಳೆತ ಸಡಿಲಾದರೆ ರಾಗ ನಡುಗುತ್ತದೆ. ಅಲೆಯಲೆಯಾಗಿ ಏರಿಳಿಯುವುದು, ನಡುವೆ ಯಾವುದೋ ಪರದೇಶದ ಸ್ಟೇಷನ್ನಿನ ಗುನುಗು ನುಸುಳುವುದು ಟೇಪಿನ ಗುಣವಲ್ಲ, ಬಹುದೂರಕ್ಕೆ ಹೋಗುವ ರೇಡಿಯೋ ತರಂಗವಾದ ಶಾರ್ಟ್‌ವೇವ್‌ನ ಗುಣ.

ಅಲ್ಲಿಗೆ ಉತ್ತರ ಸಿಕ್ಕಿತು. ದಿಲ್ಲಿಯಿಂದ ಧಾರವಾಡ ನೇರ ಗೆರೆಯಲ್ಲಿ ಸುಮಾರು 1,500 ಕಿಲೋಮೀಟರ್. ನಿಮ್ಮ ಸೆಟ್ಟಿಗೆ ಧಾರವಾಡವನ್ನು ತರುತ್ತಿದ್ದ ಮೀಡಿಯಂ ವೇವ್ ಹಗಲಲ್ಲಿ ಅಷ್ಟು ದೂರ ಬರುವುದಿಲ್ಲ. ಆದ್ದರಿಂದ ದಿಲ್ಲಿಯವರು ವಾರ್ತೆಯನ್ನು ಶಾರ್ಟ್‌ವೇವ್‌ನಲ್ಲಿ ಬಿಡುತ್ತಿದ್ದರು. ಪ್ರಾದೇಶಿಕ ಕೇಂದ್ರದವರು ಎತ್ತರದ ಏರಿಯಲ್ ಹಾಕಿ ಒಳ್ಳೆಯ ರಿಸೀವರ್‌ನಲ್ಲಿ ಅದನ್ನು ಹಿಡಿದು, ಕಂಟ್ರೋಲ್ ರೂಮಿನ ಮೂಲಕ ತಮ್ಮ ಟ್ರಾನ್ಸ್‌ಮಿಟರ್‌ಗೆ ಕೊಡುತ್ತಿದ್ದರು. ನೀವು ಕೇಳುತ್ತಿದ್ದುದು, ಒಂದು ರೇಡಿಯೋ ಕೇಳಿಸಿಕೊಂಡದ್ದನ್ನು ಇನ್ನೊಂದು ರೇಡಿಯೋ ಹೇಳುತ್ತಿದ್ದುದನ್ನು.

ಶಾರ್ಟ್‌ವೇವ್ ನೆಲದ ಮೇಲೆ ತೆವಳಿಕೊಂಡು ಬರುವುದಿಲ್ಲ. ಮೇಲಕ್ಕೆ ಹೋಗಿ, 250–300 ಕಿಲೋಮೀಟರ್ ಎತ್ತರದ ಅಯಾನುಗೋಳದ, ಅಂದರೆ ಬಿಸಿಲಿನಿಂದ ವಿದ್ಯುದಾವೇಶ ಪಡೆದ ತೆಳುಗಾಳಿಯ, ಪದರದಿಂದ ಬಾಗಿ ಕೆಳಗಿಳಿಯುತ್ತದೆ. ಒಂದೇ ಮಾತು ಎರಡು ಮೂರು ದಾರಿ ಹಿಡಿದು, ಕೂದಲೆಳೆಯಷ್ಟು ಹಿಂದೆಮುಂದೆ ಬಂದು ಮುಟ್ಟುತ್ತದೆ. ತರಂಗಗಳು ಕೂಡಿಕೊಂಡರೆ ಧ್ವನಿ ಏರುತ್ತದೆ, ಒಂದನ್ನೊಂದು ಹೊಡೆದುಹಾಕಿದರೆ ಮುಳುಗುತ್ತದೆ. ಬೆಳಗಿನ ಹೊತ್ತು ಇದಕ್ಕೆ ಕೆಟ್ಟದ್ದು, ಚಳಿಗಾಲದಲ್ಲಿ ಇನ್ನೂ ಕೆಟ್ಟದ್ದು. ಜನವರಿಯಲ್ಲಿ ಧಾರವಾಡಕ್ಕೂ ದಿಲ್ಲಿಗೂ ಸೂರ್ಯ ಮೂಡುವುದು ಏಳರ ಸುಮಾರಿಗೆ. ಬಿಸಿಲು ತಾಗಿದ ಹಾಗೆ ಆ ಪದರ ಕ್ಷಣಕ್ಷಣಕ್ಕೂ ಬದಲಾಗುತ್ತಿರುವಾಗಲೇ ನಮ್ಮ ವಾರ್ತೆ. ಇದಕ್ಕೆ ಮದ್ದೆಂದರೆ ಒಂದೇ ವಾರ್ತೆಯನ್ನು ಎರಡು ಬೇರೆ ತರಂಗಾಂತರಗಳಲ್ಲಿ ಹಿಡಿದಿಟ್ಟುಕೊಂಡು, ಒಂದು ಮುಳುಗಿದಾಗ ಇನ್ನೊಂದಕ್ಕೆ ಬದಲಿಸುವುದು. ಓದುವವರ ದನಿ ಒಂದು ವಾಕ್ಯದ ನಡುವೆ ತಟ್ಟನೆ ದಪ್ಪಗಾದದ್ದು ನೆನಪಿದ್ದರೆ, ಅದು ಇಂಥ ಬದಲಿ ಇದ್ದೀತು. ಏನೂ ಸಿಗದಿದ್ದರೆ "ಅಡಚಣೆಗಾಗಿ ವಿಷಾದಿಸುತ್ತೇವೆ", ಆಮೇಲೆ ಸಿತಾರೋ ವೀಣೆಯೋ.

ಇದನ್ನು ತಿಳಿದುಕೊಂಡರೆ ಆಗಿನ ರೇಡಿಯೋದ ಇಡೀ ದಿನವೇ ಬೇರೆ ಥರ ಕೇಳಿಸುತ್ತದೆ. ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಬೇಂದ್ರೆಯವರೂ ಮಲ್ಲಿಕಾರ್ಜುನ ಮನ್ಸೂರರೂ ಸಲಹೆಗಾರರಾಗಿದ್ದ ಕೇಂದ್ರ ಅದು. ಸ್ಟೇಷನ್ ತೆರೆಯುವಾಗಿನ ಆ ಶಿವರಂಜನಿಯ ಧುನ್, ವಂದೇ ಮಾತರಂ, ಮಂಗಳಧ್ವನಿ, ವಚನ, ದಾಸರ ಪದ, ಇವೆಲ್ಲ ಸ್ಥಳೀಯ ಡಿಸ್ಕು, ಟೇಪು. ಹಾಗಾಗಿ ಸ್ವಚ್ಛ. 1974ರಲ್ಲಿ ಶುರುವಾಗಿ ಆಮೇಲೆ 6.55ಕ್ಕೆ ಬರುತ್ತಿದ್ದ ಸಂಸ್ಕೃತ ವಾರ್ತೆ, ಅದು ದಿಲ್ಲಿಯದು, ಗೊರಗೊರ. ಮತ್ತೆ ಸ್ಥಳೀಯ, ಸ್ವಚ್ಛ. 7.35 ದಿಲ್ಲಿ. ಎಂಟರ ಸುಮಾರಿನ ಹಿಂದಿ, ಇಂಗ್ಲಿಷ್ ವಾರ್ತೆಗಳೂ ದಿಲ್ಲಿಯವು. ಮಧ್ಯಾಹ್ನದ ಮಹಿಳೆಯರ ಕಾರ್ಯಕ್ರಮ, ಸಂಜೆಯ ರೈತರ ಮಾತುಕತೆ, ರಾತ್ರಿಯ ನಾಟಕ ಇಲ್ಲಿಯವು. ಟೆಲಿಫೋನ್ ಲೈನಿನ ಮೇಲೆ ತಂದದ್ದಾದರೆ ಗೊರಗೊರ ಇರುವುದಿಲ್ಲ, ಆದರೆ ದನಿ ಮೂಗಿನಿಂದ ಬಂದ ಹಾಗೆ ಇಕ್ಕಟ್ಟಾಗಿರುತ್ತದೆ, ಏಕೆಂದರೆ ಸಾಧಾರಣ ಲೈನು 300ರಿಂದ 3,400 ಹರ್ಟ್ಸ್‌ವರೆಗಿನ ಸ್ವರವನ್ನಷ್ಟೇ ದಾಟಿಸುತ್ತದೆ. ಕಿವಿ ಪಳಗಿದವರು ಅನೌನ್ಸರ್ ಹೇಳುವ ಮೊದಲೇ ಕಾರ್ಯಕ್ರಮ ಎಲ್ಲಿಯದೆಂದು ಹೇಳಿಬಿಡಬಹುದಿತ್ತು.

ನಿಜವಾದ ಸಂಕಟ ವಾರ್ತೆಯದ್ದಲ್ಲ. ವಾರ್ತೆಯಲ್ಲಿ ಒಂದು ಮಾತು ನುಂಗಿಹೋದರೆ ಮುಂದಿನದರಿಂದ ಅರ್ಥವಾಗುತ್ತದೆ. 1952ರ ಜುಲೈನಲ್ಲಿ ಶುರುವಾದ, ಶನಿವಾರ ರಾತ್ರಿ ಒಂಬತ್ತೂವರೆಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವೂ ಇದೇ ದಾರಿಯಲ್ಲಿ ಬರುತ್ತಿತ್ತು. ಷಡ್ಜ ಹಿಡಿದು ನಿಂತ ತಂಬೂರಿಯೇ ತೂಗಾಡಿದರೆ ವಿಲಂಬಿತ ಖ್ಯಾಲ್ ಕೇಳುವುದು ಹೇಗೆ? ಧಾರವಾಡದ ಗಾಯಕರೊಬ್ಬರು ದಿಲ್ಲಿಯಲ್ಲಿ ಕೂತು ಹಾಡಿದರೆ, ಅವರ ಮಗ್ಗುಲ ಮನೆಯವರಿಗೂ ಆ ಹಾಡು ಆಕಾಶಕ್ಕೆ ಹೋಗಿ ಬಂದೇ ಸಿಗಬೇಕಿತ್ತು. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಉಪಗ್ರಹ ಹಾರಿತು. ಕೇಂದ್ರಗಳಿಗೆ ಡಿಶ್ ಬಂದು, ದಿಲ್ಲಿಯ ಧ್ವನಿ ಉಪಗ್ರಹದ ಮೂಲಕವೇ ಸಿಗತೊಡಗಿದ ಮೇಲೆ ಈ ಗೊರಗೊರ ನಿಂತಿತು. ಆ ಕಾಲಕ್ಕೆ ಬಹಳ ಮಂದಿ ಹೊಸ ಸೆಟ್ಟು ಕೊಂಡಿದ್ದರು, "ಹೊಸ ರೇಡಿಯೋ ತಂದ ಮ್ಯಾಲೆ ಸರಿ ಹೋತು" ಎಂದುಕೊಂಡರು. ಸೆಲ್ಲಿನ ಕಥೆ ಇನ್ನೂ ಬದುಕಿರಲು ಇದೂ ಒಂದು ಕಾರಣ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಸೆಟ್ಟಿಗೆ ಬಡಿಯುವ ಬದಲು ಅದನ್ನು ತಿರುಗಿಸಬೇಕಿತ್ತು. ದಿಲ್ಲಿಯ ಗೊರಗೊರಕ್ಕೆ ಅದರಿಂದ ಉಪಯೋಗವಿಲ್ಲ, ಧಾರವಾಡದ ಮೀಡಿಯಂ ವೇವೇ ಸಣ್ಣಗೆ ಬಂದಾಗ ಉಪಯೋಗವಿದೆ. ಟ್ರಾನ್ಸಿಸ್ಟರ್ ಒಳಗೆ, ಸೆಟ್ಟಿನ ಉದ್ದಕ್ಕೆ, ತಂತಿ ಸುತ್ತಿದ ಒಂದು ಕಪ್ಪು ಫೆರೈಟ್ ಕಡ್ಡಿ ಮಲಗಿರುತ್ತದೆ. ಮೀಡಿಯಂ ವೇವ್‌ಗೆ ಅದೇ ಏರಿಯಲ್. ಮೇಲಕ್ಕೆ ಎಳೆಯುವ ಲೋಹದ ಕಡ್ಡಿ ಶಾರ್ಟ್‌ವೇವ್‌ಗೆ, ಎಫ್‌ಎಂಗೆ. ಅದನ್ನು ಎಷ್ಟು ಎಳೆದರೂ 765 ಕಿಲೋಹರ್ಟ್ಸ್‌ನ ಧಾರವಾಡಕ್ಕೆ ಹೆಚ್ಚುಕಡಿಮೆ ಏನೂ ಆಗದು. ಫೆರೈಟ್ ಕಡ್ಡಿಯ ತುದಿ ಸ್ಟೇಷನ್ ಕಡೆ ಮುಖಮಾಡಿದರೆ ಧ್ವನಿ ತೀರಾ ಕಡಿಮೆ, ಕಡ್ಡಿ ಅಡ್ಡಲಾಗಿ ನಿಂತರೆ ಜೋರು. ಗದಗಿನಿಂದ ಧಾರವಾಡ ನೇರ ಪಶ್ಚಿಮಕ್ಕಿದೆ. ಅಲ್ಲಿ ಸೆಟ್ಟಿನ ಉದ್ದ ಉತ್ತರ-ದಕ್ಷಿಣ ಇರಬೇಕು. ಹುಬ್ಬಳ್ಳಿ, ಹಾವೇರಿಗಳಿಂದ ಅದು ವಾಯವ್ಯಕ್ಕೆ ಬರುತ್ತದೆ, ಆದ್ದರಿಂದ ಈಶಾನ್ಯ-ನೈಋತ್ಯ. ಕಾಲು ಸುತ್ತು ತಿರುಗಿಸಿ ನೋಡಿ, ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಇಂದಿನ ಮನೆಯಲ್ಲಾದರೆ ಅದಕ್ಕೂ ಮೊದಲು ಫೋನಿನ ಚಾರ್ಜರು, ಅಗ್ಗದ ಎಲ್‌ಇಡಿ ಬಲ್ಬು ಆರಿಸಿ. ಈಗಿನ ಗೊರಗೊರ ಹೆಚ್ಚಾಗಿ ಅವುಗಳದ್ದು, ದಿಲ್ಲಿಯದ್ದಲ್ಲ.