ಉಣ್ಣಿ ಇರುವುದು ನಾಯಿಯ ಮೇಲಲ್ಲ

ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆ ಬಿದ್ದು ಬಿಸಿಲೇರುತ್ತಿದ್ದಂತೆ ನನಗೆ ಒಂದೇ ಬಗೆಯ ಕರೆಗಳು ಶುರುವಾಗುತ್ತವೆ. "ಡಾಕ್ಟರೇ, ನೀವು ಬರೆದುಕೊಟ್ಟ ಉಣ್ಣಿ ಔಷಧಿ ಡೂಪ್ಲಿಕೇಟ್ ಇರಬೇಕು. ಹದಿನೈದು ದಿನಕ್ಕೆ ಮತ್ತೆ ಮೈತುಂಬ ಆಗಿವೆ." ನಾನು ಕೇಳುವುದು ಇಷ್ಟೇ: "ನಾಯಿ ಎಲ್ಲಿ ಮಲಗುತ್ತದೆ?" ಆ ಕಡೆ ಮೌನ. ಔಷಧಿಯ ಮಾತೆತ್ತಿದರೆ ಈತ ಹಾಸಿಗೆಯ ವಿಚಾರಣೆ ಮಾಡುತ್ತಾನಲ್ಲ ಎಂಬ ಮೌನ.

ವರ್ಷಕ್ಕೊಮ್ಮೆ ರೇಬಿಸ್ ಚುಚ್ಚುಮದ್ದು, ಜಂತುಹುಳಕ್ಕೆ ಔಷಧಿ, ಬಟ್ಟಲಲ್ಲಿ ಸದಾ ನೀರು, ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕದಿರುವುದು. ಇವು ಕೊಡಗಿನ ನಾಯಿಪ್ರಿಯರಿಗೆ ಗೊತ್ತಿಲ್ಲದ್ದೇನಲ್ಲ. ಎಷ್ಟು ಹೇಳಿದರೂ ತಲೆಗೆ ಹೋಗದಿರುವುದು ಉಣ್ಣಿಯ ಸಂಗತಿ.

ನಾಯಿಯ ಮೈಮೇಲೆ ಕಾಣುವ ಉಣ್ಣಿ ಮದುವೆಮನೆಗೆ ಊಟಕ್ಕೆ ಬಂದ ನೆಂಟನಂತೆ. ಉಂಡು ಎದ್ದು ಹೋಗುತ್ತದೆ. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿ ನಾಯಿಯನ್ನು ಹತ್ತಿ ಕೆಲವು ದಿನ ರಕ್ತ ಕುಡಿದು ಉದುರುತ್ತದೆ. ಬಿರುಕಿನಲ್ಲಿ ಕುಳಿತು ಪೊರೆ ಕಳಚಿ, ಎಂಟು ಕಾಲು ಪಡೆದು ಮತ್ತೆ ಹತ್ತುತ್ತದೆ, ಮತ್ತೆ ಇಳಿಯುತ್ತದೆ. ಬೆಳೆದ ಮೇಲೆ ಮೂರನೆಯ ಸಲ. ಕೊನೆಗೆ ಹೊಟ್ಟೆ ಬಿರಿಯುವಂತೆ ಕುಡಿದ ಹೆಣ್ಣು ನಾಯಿಗೂಡಿನ ಗೋಡೆ ಹತ್ತಿ, ಸಂದಿಯೊಂದರಲ್ಲಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಲೆಕ್ಕ ಹಾಕಿ ನೋಡಿ: ಅದರ ಆಯುಷ್ಯದ ಬಹುಪಾಲು ಕಳೆಯುವುದು ಗೋಡೆಯಲ್ಲಿ, ನಾಯಿಯ ಮೇಲೆ ಅಲ್ಲ. ಬೆಳೆದ ಉಣ್ಣಿ ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ನೀವು ನಾಯಿಯನ್ನು ತೊಳೆಯುತ್ತೀರಿ, ತೊಳೆದ ನಾಯಿ ಸಂಜೆ ಅದೇ ಗೋಣಿಚೀಲದ ಮೇಲೆ ಹೋಗಿ ಮಲಗುತ್ತದೆ. ಇನ್ನು ಔಷಧಿಯನ್ನು ಬೈದು ಏನು ಪ್ರಯೋಜನ?

ಬೈದು ಸುಮ್ಮನಾದರೆ ಪರವಾಗಿಲ್ಲ, "ಸ್ವಲ್ಪ ಗಟ್ಟಿ ಔಷಧಿ" ಹುಡುಕಿಕೊಂಡು ತೋಟದ ಗೋದಾಮಿಗೆ ಹೋಗುತ್ತಾರೆ. ಅದೇ ನನ್ನ ಸಿಟ್ಟಿಗೆ ಕಾರಣ. ಸೋಮವಾರಪೇಟೆ ಕಡೆಯ ಒಂದು ಮನೆಯಲ್ಲಿ, ಅರೇಬಿಕಾ ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ತಂದಿಟ್ಟಿದ್ದ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವನ್ನು ಮಗ ಬಕೆಟ್ ನೀರಿಗೆ ಬೆರೆಸಿ ನಾಯಿಗೆ ಸ್ನಾನ ಮಾಡಿಸಿದ್ದ. ನಾನು ತಲುಪುವಾಗ ನಾಯಿಯ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು; ತೊಡೆಯ ಸ್ನಾಯುಗಳು ತಾವಾಗಿಯೇ ಅದುರುತ್ತಿದ್ದವು; ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಆ ವಿಷಕ್ಕೆ ಪ್ರತಿಮದ್ದಾದ ಅಟ್ರೋಪಿನ್ ಕೊಟ್ಟು, ಸೋಪು ಹಚ್ಚಿ ಮತ್ತೆ ಮತ್ತೆ ತೊಳೆದು, ರಾತ್ರಿ ಹನ್ನೊಂದಕ್ಕೆ ಹೊರಟೆ. ಆ ನಾಯಿ ಉಳಿಯಿತು. ಎಲ್ಲವೂ ಉಳಿಯುವುದಿಲ್ಲ.

ಮರುದಿನ ಅದರ ಗೂಡು ನೋಡಿದೆ. ಇಟ್ಟಿಗೆ ಕಟ್ಟಿ ಹೆಂಚು ಹೊದೆಸಿದ ಚಂದದ ಗೂಡು, ಆದರೆ ಒಳಗಡೆ ಗಾರೆಯಿಲ್ಲ. ಚಾಕುವಿನ ತುದಿಯಿಂದ ಒಂದು ಸಂದಿ ಕೆದಕಿದೆ. ಕಂದು ಪುಡಿ ಉದುರಿತು. ಮನೆಯೊಡತಿ, "ಅಯ್ಯೋ, ಇದನ್ನು ಕಾಫಿಪುಡಿ ಎಂದುಕೊಂಡು ಎಷ್ಟು ಸಲ ಗುಡಿಸಿದ್ದೇನೆ" ಎಂದರು. ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದರೆ ಪ್ರತಿಯೊಂದೂ ಹೊಳೆಯುವ ಮಣಿ. ಮೊಟ್ಟೆ. ಗುಡಿಸಿದ್ದನ್ನು ಎಲ್ಲಿ ಹಾಕುತ್ತಿದ್ದಿರಿ ಎಂದು ಕೇಳಿದೆ. ಗೂಡಿನ ಹಿಂದೆಯೇ, ಸೌದೆಯ ಪಕ್ಕ.

ಇಷ್ಟೆಲ್ಲ ಪಾಡು ಬರಿಯ ತುರಿಕೆಗಾಗಿ ಅಲ್ಲ. ಉಣ್ಣಿಯ ಕಡಿತದಿಂದ ಎರ್ಲಿಕಿಯಾ, ಬೇಬಿಸಿಯಾದಂಥ ರೋಗಾಣುಗಳು ರಕ್ತಕ್ಕೆ ಇಳಿಯುತ್ತವೆ. ಜ್ವರ, ಊಟ ಬಿಡುವುದು, ಬಿಳಿಚಿದ ಒಸಡು, ಕೆಲವಕ್ಕೆ ಕಾಫಿ ಬಣ್ಣದ ಮೂತ್ರ, ಕೆಲವಕ್ಕೆ ಮೂಗಿನಿಂದ ರಕ್ತ. ಮಳೆಗಾಲದಲ್ಲಿ ತೋಡಿನ ನೀರು ಕುಡಿದ ನಾಯಿಯ ಮೂಗಿಗೆ ಜಿಗಣೆ ಹೋಗುವುದು ನಿಜ, ನಾನೇ ಹಿಡಿದೆಳೆದಿದ್ದೇನೆ. ಆದರೆ ಮೂಗಿನಲ್ಲಿ ರಕ್ತ ಕಂಡೊಡನೆ ಜಿಗಣೆ ಎಂದು ತೀರ್ಮಾನಿಸಿ ಉಪ್ಪುನೀರು ಹಿಂಡುತ್ತಾ ನಾಲ್ಕು ದಿನ ಕಳೆಯಬೇಡಿ. ಮೊದಲು ರಕ್ತಪರೀಕ್ಷೆ ಆಗಲಿ. ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ 28 ದಿನದ ಮಾತ್ರೆ ಕೊಡುತ್ತೇವೆ. ಐದನೆಯ ದಿನ ನಾಯಿ ಅನ್ನ ತಿಂದಿತೆಂದು ನಿಲ್ಲಿಸುವವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಜಾಗವೂ ಇಲ್ಲ, ತಾಳ್ಮೆಯೂ ಇಲ್ಲ.

ಗೂಡಿಗೆ ಬರೋಣ. ಗೋಣಿಚೀಲ ಸುಟ್ಟುಬಿಡಿ. ಒಳಗೋಡೆಗೆ, ಮಾಡಿನ ಅಂಚಿನವರೆಗೂ, ಗಾರೆ ಮಾಡಿಸಿ. ಸೌದೆ ದೂರ ಒಟ್ಟಿ. ಗೂಡಿಗೆ ಯಾವ ಔಷಧಿ, ಎಷ್ಟು ನೀರಿಗೆ ಎಂಬುದನ್ನು ನಿಮ್ಮ ಪಶುವೈದ್ಯರನ್ನೇ ಕೇಳಿ. ಮನೆಯಲ್ಲಿ ಬೆಕ್ಕಿದ್ದರೆ ಹೇಳಲು ಮರೆಯಬೇಡಿ, ನಾಯಿಗೆ ಒಗ್ಗುವ ಪರ್ಮೆಥ್ರಿನ್ ಎಂಬ ಉಣ್ಣಿನಾಶಕ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಸಿಂಪಡಿಸಿದ್ದು ಒಣಗುವವರೆಗೆ ನಾಯಿ ಹೊರಗಿರಲಿ. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಸಂದಿಯಲ್ಲಿ ಉಳಿದ ಮೊಟ್ಟೆ ಮರಿಯಾಗುತ್ತಲೇ ಇರುತ್ತದೆ, ಕನಿಷ್ಠ ಮೂರು ತಿಂಗಳು ಬೆನ್ನು ಬಿಡಬಾರದು. ಮನೆಯಲ್ಲಿ ಮೂರು ನಾಯಿಗಳಿದ್ದರೆ ಮೂರಕ್ಕೂ ಒಂದೇ ದಿನ ಔಷಧಿ. ತೋಟದ ಕಾರ್ಮಿಕರ ಲೈನ್‌ಮನೆಯ ನಾಯಿಯೂ ನಿಮ್ಮ ಅಂಗಳದಲ್ಲೇ ಮಲಗುವುದಾದರೆ ಅದಕ್ಕೂ.

ಆ ಮನೆಯೊಡತಿ ಗಾರೆ ಮಾಡಿಸಿದರು, ಸುಣ್ಣವನ್ನೂ ಬಳಿಸಿದರು. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಕಳೆದ ಮೇಲೆ ಫೋನು ಬಂತು: "ಪಕ್ಕದ ತೋಟದ ನಾಯಿ ದಿನಾ ಊಟದ ಹೊತ್ತಿಗೆ ಬಂದು ನಮ್ಮ ಗೂಡಿನಲ್ಲೇ ಮಲಗುತ್ತದೆ ಡಾಕ್ಟರೇ. ಅದಕ್ಕೂ ಒಂದು ಮಾತ್ರೆ ಕೊಡಲೇ?" ತೂಕ ತಿಳಿಯದೆ ಹೇಳಲಾರೆ ಎಂದೆ. ಸಂಜೆ ಫೋಟೊ ಬಂತು. ಕಾಫಿ ಚೀಲ ತೂಗುವ ಯಂತ್ರದ ಮೇಲೆ ಬಾಲ ಮುದುರಿಕೊಂಡು ನಿಂತಿದೆ, 19 ಕಿಲೊ.